ದಿನಕ್ಕೊಂದು ಮಿಲಿಮೀಟರು

ಪುಷ್ಯ ಮಾಸದ ಚಳಿ ಇನ್ನೂ ಇಳಿಯುವ ಮುನ್ನವೇ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕರಿಯ ನೆಲದಲ್ಲಿ ತೊಗರಿಯ ಕೊಯ್ಲು ನಡೆಯುತ್ತದೆ. ಭೀಮಾ ನದಿಯ ದಂಡೆಯಲ್ಲಿ ಕಬ್ಬಿನ ಕಟಾವೂ ಅದೇ ಕಾಲಕ್ಕೆ ಬಿರುಸಾಗಿರುತ್ತದೆ. ಒಣಗಿ ಸೆಟೆದ ತೊಗರಿಯ ಕಡ್ಡಿ ಮೆದುವಾದ ವಸ್ತುವಲ್ಲ. ಎಡಗೈಯಿಂದ ಗಿಡವನ್ನು ಹಿಡಿದು ಬಲಗೈಯಿಂದ ಕುಡುಗೋಲನ್ನು ಸೆಳೆಯುವಾಗ ಒಮ್ಮೆ ಅದು ಜಾರಿತೆಂದರೆ, ನೇರವಾಗಿ ಬಂದು ತಗಲುವುದು ಎಡ ಮಣಿಕಟ್ಟಿನ ಒಳಮಗ್ಗುಲಿಗೆ. ಅರಿಶಿನ ಮೆತ್ತಿ, ಹಳೆಯ ಧೋತರದ ಪಟ್ಟಿಯನ್ನು ಬಿಗಿದು, ರಕ್ತ ನಿಂತಿತೆಂದರೆ ಹೊಲದಲ್ಲಿದ್ದವರೆಲ್ಲ ನಿಟ್ಟುಸಿರು ಬಿಡುತ್ತಾರೆ. "ಏನೂ ಆಗಂಗಿಲ್ಲ ತಗೋ ತಮ್ಮಾ, ಗಾಯ ಮಾಗಿದ್ರ ಎಲ್ಲಾ ಸರಿ ಆಗ್ತದ" ಎಂದು ಹಿರಿಯರು ಧೈರ್ಯ ಹೇಳುತ್ತಾರೆ.

ಗಾಯ ಮಾಗುತ್ತದೆ, ನಿಜ. ಮೂರು ವಾರಗಳಲ್ಲಿ ತೊಗಲು ಕೂಡಿಕೊಂಡು ಒಂದು ಗೆರೆಯಷ್ಟೇ ಉಳಿಯುತ್ತದೆ. ಆಗ ಹೊರಬರುತ್ತದೆ ಎರಡನೆಯ ಮಾತು: "ಕಾಕಾ, ಬೆರಳಿಗಿ ಜೋಮ ಹಿಡದಂಗ ಅದ. ಹಂಚಿನ ಮ್ಯಾಲಿನ ರೊಟ್ಟಿ ಹಿಡದರೂ ಗೊತ್ತಾಗವಲ್ದು." ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಇದ್ದಲ್ಲೇ ಇವೆ; ಬಣ್ಣ ಕೆಟ್ಟಿಲ್ಲ, ಬಾವು ಇಲ್ಲ. ಆದರೆ ಅವು ಆ ಕೈಯ ಒಡೆಯನಿಗೆ ಸೇರಿದವೇ ಅಲ್ಲವೇನೋ ಎಂಬಂತೆ ಮೂಕವಾಗಿವೆ. ಅಂಗಿಯ ಗುಂಡಿ ಹಾಕಲು ಬಾರದು. ಕಣ್ಣು ಮುಚ್ಚಿದರೆ ಕೈಯಲ್ಲಿರುವುದು ನಾಣ್ಯವೋ ಬೀಗದ ಕೈಯೋ ತಿಳಿಯದು. ತೊಗಲಿನ ಕೆಳಗೆ ಕಡಿದುಹೋದದ್ದು ಮಣಿಕಟ್ಟಿನ ನಡುವಿನ ನರ. ಅದು ಮಾಗುವ ಬಗೆ ತೊಗಲು ಮಾಗುವ ಬಗೆಯಂಥದಲ್ಲ.

ಇಲ್ಲಿ 'ನರ' ಎಂಬ ಪದದ ಬಗ್ಗೆ ಒಂದು ಮಾತು ಅವಶ್ಯ. ಇದು ಮನುಷ್ಯನೆಂಬ ಅರ್ಥದ ಸಂಸ್ಕೃತದ ನರನಲ್ಲ. ತಮಿಳಿನ 'ನರಂಬು' ಪದದ ಸೋದರ. ತಮಿಳಿನಲ್ಲಿ ಅದಕ್ಕೆ ಯಾಳ್ ವಾದ್ಯದ ತಂತಿಯೆಂಬ ಅರ್ಥವೂ ಉಂಟು. ಕನ್ನಡದ ಆಡುಮಾತಿನಲ್ಲಿ ಕೈಮೇಲೆ ನೀಲಿಯಾಗಿ ಉಬ್ಬಿ ಕಾಣುವ ರಕ್ತನಾಳವೂ ನರವೇ, ಹಿಮ್ಮಡಿಯ ಮೇಲೆ ಹುರಿಯಂತೆ ಸೆಟೆದಿರುವ ಕಂಡರವೂ ನರವೇ, ಮಿದುಳಿನ ಸುದ್ದಿಯನ್ನು ಬೆರಳಿಗೆ ಒಯ್ಯುವ ತಂತಿಯೂ ನರವೇ. ಈ ಗೊಂದಲ ಕನ್ನಡಿಗರದೊಂದೇ ಅಲ್ಲ. ಗ್ರೀಕರ 'ನ್ಯೂರಾನ್' ಎಂಬ ಮಾತಿಗೂ ಮೊದಲ ಅರ್ಥ ಕಂಡರ, ಬಿಲ್ಲಿನ ಹೆದೆ ಎಂದೇ. ಆದರೆ ವೈದ್ಯನ ಮುಂದೆ ಕುಳಿತಾಗ ಈ ಗೊಂದಲದಿಂದ ಅನಾಹುತವಾಗುವುದುಂಟು. "ನರ ಕಡಿದಿತ್ತು, ಕಟ್ಟಿದರು" ಎಂದು ಮನೆಯವರು ಹೇಳುವಾಗ ಅದು ರಕ್ತನಾಳವೋ ಕಂಡರವೋ ನಿಜವಾದ ನರವೋ ಎಂಬುದನ್ನು ಯಾರೂ ಕೇಳಿರುವುದಿಲ್ಲ.

ನಿಜವಾದ ನರವೆಂದರೆ ಸಾವಿರಾರು ತಂತುಗಳ ಕಟ್ಟು. ಒಂದೊಂದು ತಂತುವೂ ಒಂದೊಂದು ಜೀವಕೋಶದ ಬಾಲ. ಕೋಶದ ಒಡಲು ಇರುವುದು ಬೆನ್ನುಹುರಿಯೊಳಗೆ ಅಥವಾ ಅದರ ಮಗ್ಗುಲಿನ ಗಂಟಿನಲ್ಲಿ. ಬಾಲದ ತುದಿ ಇರುವುದು ಬೆರಳಿನ ತುದಿಯಲ್ಲಿ. ಕಾಲಿನ ಹೆಬ್ಬೆರಳಿಗೆ ಹೋಗುವ ತಂತುವಾದರೆ ಉದ್ದ ಸುಮಾರು ಒಂದು ಮೀಟರು. ಕೋಶದ ಒಡಲೋ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ಆ ಒಡಲನ್ನು ನಾಲ್ಕು ಮಿಲಿಮೀಟರಿನ ಒಂದು ಬಿಳಿಜೋಳದ ಕಾಳಿನಷ್ಟು ದೊಡ್ಡದು ಮಾಡಿ ನೋಡಿದರೆ ಅದರ ಬಾಲ ಎಂಬತ್ತು ಮೀಟರು ದೂರ ಹರಿದಿರಬೇಕಾಗುತ್ತದೆ, ಅದೂ ಒಂದು ಮಿಲಿಮೀಟರಿಗಿಂತ ದಪ್ಪವಿಲ್ಲದೆ. ಬಾಲಕ್ಕೆ ಬೇಕಾದ ಸಕಲ ಸಾಮಗ್ರಿಯನ್ನೂ ಆ ಕಾಳೇ ತಯಾರಿಸಿ ಕಳುಹಿಸಬೇಕು. ಕುಡುಗೋಲು ಕಡಿದದ್ದು ಈ ಬಾಲವನ್ನು.

ಕಡಿದ ಮೇಲೆ ಆಚೆಯ ತುಂಡಿನ ಗತಿಯೇನೆಂಬುದನ್ನು ಮೊದಲು ಕಣ್ಣಾರೆ ಕಂಡವನು ಆಂಗ್ಲ ವೈದ್ಯ ಆಗಸ್ಟಸ್ ವಾಲರ್. 1850ರಲ್ಲಿ ಆತ ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ, ಸೂಕ್ಷ್ಮದರ್ಶಕದ ಕೆಳಗೆ ದಿನದಿನವೂ ನೋಡುತ್ತ ಹೋದ. ಒಡಲಿನಿಂದ ಬೇರ್ಪಟ್ಟ ತುಂಡು ಕೆಲವೇ ದಿನಗಳಲ್ಲಿ ಚೂರುಚೂರಾಗಿ ಕರಗಿತು. ಒಡಲಿಗೆ ಅಂಟಿಕೊಂಡ ತುಂಡು ಉಳಿಯಿತು. ಬೇರಿನಿಂದ ಕಡಿದ ಬಳ್ಳಿ ಒಣಗುವಂತೆಯೇ ಇದು. ಆದ್ದರಿಂದ ಕಡಿದ ನರದ ಎರಡು ತುದಿಗಳನ್ನು ಶಸ್ತ್ರವೈದ್ಯನು ಎಷ್ಟು ನಾಜೂಕಾಗಿ ಹೊಲಿದರೂ ತಂತುಗಳು ವಿದ್ಯುತ್ ತಂತಿಯಂತೆ ಕೂಡಿಕೊಂಡು ಅಂದೇ ಕೆಲಸಕ್ಕೆ ಬರುವುದಿಲ್ಲ. ಹೊಲಿಗೆಯಿಂದ ಆಗುವುದು ದಾರಿಯನ್ನು ಕೂಡಿಸಿಕೊಡುವುದಷ್ಟೇ. ದಾರಿಯ ಮೇಲೆ ನಡೆಯಬೇಕಾದವನು ಮೊದಲಿನಿಂದ ಹೊರಡಬೇಕು.

ಹೊರಡಬೇಕೆಂಬ ಆಜ್ಞೆ ಅವನಿಗೆ ಮುಟ್ಟುವುದು ಹೇಗೆ? ಇದೇ ಈ ಶಾಸ್ತ್ರದ ಸ್ವಾರಸ್ಯವಾದ ಭಾಗ. ಗಾಯವಾದದ್ದು ಮಣಿಕಟ್ಟಿನಲ್ಲಿ, ನಿರ್ಧಾರ ಕೈಗೊಳ್ಳಬೇಕಾದ ಕೋಶಕೇಂದ್ರ ಇರುವುದು ಎಪ್ಪತ್ತು ಸೆಂಟಿಮೀಟರು ಮೇಲೆ, ಕತ್ತಿನ ಮೂಳೆಯ ಬಳಿ. ನಡುವೆ ಸುದ್ದಿ ಎರಡು ಬಗೆಯಾಗಿ ಹೋಗುತ್ತದೆ. ಮೊದಲನೆಯದು ತಾರಿನಂತೆ ತ್ವರಿತವಾದದ್ದು. ತಂತುವಿನ ಗೋಡೆ ಹರಿದ ಕ್ಷಣದಲ್ಲೇ ಹೊರಗಿನ ಕ್ಯಾಲ್ಸಿಯಂ ಒಳನುಗ್ಗಿ, ಅದರ ಅಲೆಯೊಂದು ಒಡಲಿನತ್ತ ಸಾಗುತ್ತದೆ. ಎರಡನೆಯದು ಅಂಚೆಯವನ ಕೈಯಲ್ಲಿ ಬರುವ ಪತ್ರದಂಥದು. ಗಾಯದ ಸ್ಥಳದಲ್ಲಿ ಚೇತನಗೊಂಡ ಕೆಲವು ಪ್ರೋಟೀನುಗಳು 'ಇಂಪಾರ್ಟಿನ್' ಎಂಬ ಮತ್ತೊಂದು ಪ್ರೋಟೀನಿನ ಹೆಗಲೇರುತ್ತವೆ. ಅದನ್ನು 'ಡೈನೀನ್' ಎಂಬ ಅಣುಯಂತ್ರ ತಂತುವಿನೊಳಗಿನ ಹಳಿಗಳ ಮೇಲೆ ಹೆಜ್ಜೆ ಹೆಜ್ಜೆಯಾಗಿ ಎಳೆದುಕೊಂಡು ಹೋಗುತ್ತದೆ. ಈ ಅಂಚೆಯ ವ್ಯವಸ್ಥೆಯನ್ನು ಇಸ್ರೇಲಿನ ವೈಜ್ಮನ್ ಸಂಸ್ಥೆಯಲ್ಲಿ ಮೈಕೆಲ್ ಫೈನ್‌ಜಿಲ್ಬರ್ ಮತ್ತವರ ಸಂಗಡಿಗರು 2003ರಿಂದೀಚೆಗೆ ಬಿಡಿಸಿ ತೋರಿಸಿದ್ದಾರೆ. ದಿನಕ್ಕೆ ಇಪ್ಪತ್ತು ಸೆಂಟಿಮೀಟರಿನ ಲೆಕ್ಕ ಹಿಡಿದರೂ ಮಣಿಕಟ್ಟಿನ ಪತ್ರ ಕತ್ತಿನ ಬಳಿಗೆ ತಲುಪಲು ಮೂರು ನಾಲ್ಕು ದಿನ ಬೇಕು. ಇದರೊಡನೆ ಮೂರನೆಯದೊಂದು ಸುದ್ದಿಯೂ ಉಂಟು. ಅದು ಸುದ್ದಿ ಬಾರದಿರುವುದೇ ಸುದ್ದಿಯಾಗುವ ಬಗೆ. ಬೆರಳಿನ ತೊಗಲಿನಿಂದ ದಿನವೂ ಮೇಲೇರಿ ಬರುತ್ತಿದ್ದ ಪೋಷಕ ಅಣುಗಳು ನಿಂತುಹೋದುವೆಂದರೆ, ಪರಸ್ಥಳದ ಮಗನ ಕಾಗದ ನಿಂತಾಗ ತಾಯಿ ಅರಿಯುವಂತೆ, ಕೋಶವು ಏನೋ ನಡೆದಿದೆಯೆಂದು ಅರಿಯುತ್ತದೆ.

ಪತ್ರ ತಲುಪಿದೊಡನೆ ಕೋಶಕೇಂದ್ರದಲ್ಲಿ 'ಸಿ-ಜುನ್', 'ಎ. ಟಿ. ಎಫ್.-3' ಮೊದಲಾದ ಅಧಿಕಾರಿ ಪ್ರೋಟೀನುಗಳು ಎಚ್ಚರಗೊಂಡು, ನೂರಾರು ವಂಶವಾಹಿಗಳ ಕೆಲಸವನ್ನು ಬದಲಿಸುತ್ತವೆ. ಅದುವರೆಗೆ ಸಂದೇಶ ಸಾಗಿಸುವ ಉದ್ಯೋಗದಲ್ಲಿದ್ದ ಕೋಶ ಆ ಉದ್ಯೋಗವನ್ನು ಬದಿಗಿಟ್ಟು ಬೆಳೆಯುವ ಉದ್ಯೋಗಕ್ಕೆ ಇಳಿಯುತ್ತದೆ. ಭ್ರೂಣಾವಸ್ಥೆಯಲ್ಲಿ ಮಾಡಿ ಮುಗಿಸಿದ್ದ ಕೆಲಸವನ್ನು ನಲವತ್ತರ ವಯಸ್ಸಿನಲ್ಲಿ ಮತ್ತೆ ಆರಂಭಿಸಿದ ಹಾಗೆ!

ಅತ್ತ, ಗಾಯದ ಆಚೆಯ ಪಾಳುದಾರಿಯಲ್ಲೂ ಕೆಲಸ ಸಾಗಿರುತ್ತದೆ. ತಂತುವಿಗೆ ಕೊಬ್ಬಿನ ಹೊದಿಕೆ ಸುತ್ತಿಕೊಟ್ಟು ಸುಮ್ಮನಿದ್ದ ಶ್ವಾನ್ ಕೋಶಗಳು, ತಮ್ಮ ತಂತು ಸತ್ತಿತೆಂದು ತಿಳಿದೊಡನೆ ವೇಷ ಬದಲಿಸುತ್ತವೆ. ಹೊದಿಕೆಯನ್ನು ತಾವೇ ಅರಗಿಸಿ, ಕಸ ಬಳಿಯುವ ರಕ್ತಕಣಗಳನ್ನು ಕರೆಸಿ, ದಾರಿಯನ್ನು ತೆರವು ಮಾಡುತ್ತವೆ. ಬಳಿಕ ಉದ್ದುದ್ದಕ್ಕೆ ಚಾಚಿಕೊಂಡು ಸಾಲಾಗಿ ನಿಂತು, ಬರಲಿರುವ ಹೊಸ ತಂತುವಿಗೆ ಕೈಮರಗಳಾಗುತ್ತವೆ. ಬೆಳವಣಿಗೆಗೆ ಬೇಕಾದ ಅಣುಗಳನ್ನು ಸ್ರವಿಸುತ್ತವೆ. ಈ ವೇಷಾಂತರದ ಸೂತ್ರಧಾರನೂ ಅದೇ ಸಿ-ಜುನ್ ಎಂಬುದನ್ನು ಲಂಡನ್ನಿನ ಜೆಸೆನ್ ಮತ್ತು ಮಿರ್ಸ್ಕಿಯವರ ತಂಡ 2012ರಲ್ಲಿ ಇಲಿಗಳಲ್ಲಿ ತೋರಿಸಿತು. ಆ ಒಂದು ಪ್ರೋಟೀನನ್ನು ಶ್ವಾನ್ ಕೋಶಗಳಿಂದ ತೆಗೆದರೆ, ನರದ ಮರುಹುಟ್ಟು ಕುಂಟುತ್ತದೆ.

ಇಷ್ಟೆಲ್ಲ ಸಿದ್ಧತೆಯ ಮೇಲೆ ತಂತುವಿನ ಚಿಗುರು ಸಾಗುವ ವೇಗವೆಷ್ಟು? ದಿನಕ್ಕೊಂದು ಮಿಲಿಮೀಟರು, ಸ್ಥೂಲವಾಗಿ ತಿಂಗಳಿಗೊಂದು ಅಂಗುಲ. ಮಣಿಕಟ್ಟಿನಿಂದ ತೋರುಬೆರಳಿನ ತುದಿಗೆ ಹದಿನೆಂಟು ಸೆಂಟಿಮೀಟರೆಂದರೆ ಆರು ತಿಂಗಳ ದಾರಿ. ತೊಗರಿಯ ಕೊಯ್ಲಿನಲ್ಲಿ ಕಡಿದು ಹೊಲಿಸಿಕೊಂಡ ನರದ ಚಿಗುರು ಬೆರಳ ತುದಿಗೆ ಮುಟ್ಟುವ ಹೊತ್ತಿಗೆ ಮುಂದಿನ ತೊಗರಿಯ ಬಿತ್ತನೆ ಮುಗಿಯುತ್ತ ಬಂದಿರುತ್ತದೆ. ಈ ಪ್ರಯಾಣಿಕನು ಎಲ್ಲಿಯವರೆಗೆ ಬಂದಿದ್ದಾನೆಂದು ತಿಳಿಯಲು ಕಾಸಿನ ಖರ್ಚಿಲ್ಲದ ಉಪಾಯವೊಂದನ್ನು ಮೊದಲ ಮಹಾಯುದ್ಧದ ಗಾಯಾಳುಗಳನ್ನು ನೋಡುತ್ತಿದ್ದ ಫ್ರೆಂಚ್ ವೈದ್ಯ ಜೂಲ್ ಟಿನೆಲ್ 1915ರಲ್ಲಿ ಪ್ರಕಟಿಸಿದ. ನರದ ಜಾಡಿನ ಮೇಲೆ ಬೆರಳಿನಿಂದ ಮೆಲ್ಲನೆ ತಟ್ಟುತ್ತ ಹೋದರೆ, ಚಿಗುರಿನ ತುದಿ ಇರುವೆಡೆ ಬಂದಾಗ ರೋಗಿಗೆ ಜುಮ್ಮೆಂದು ಬೆರಳಿನವರೆಗೆ ಮಿಂಚು ಹರಿದಂತಾಗುತ್ತದೆ. ಆ ಸ್ಥಳ ತಿಂಗಳಿಂದ ತಿಂಗಳಿಗೆ ಮುಂದೆ ಸರಿದರೆ ನರ ಬೆಳೆಯುತ್ತಿದೆಯೆಂದು ಅರ್ಥ.

ಇನ್ನೂ ಹಿಂದೆ, ಲಂಡನ್ನಿನ ವೈದ್ಯ ಹೆನ್ರಿ ಹೆಡ್ ಇದನ್ನು ತನ್ನ ಮೈಮೇಲೇ ನೋಡಿಕೊಳ್ಳಲು ಹೊರಟ. 1903ರ ಏಪ್ರಿಲ್ 25ರಂದು ತನ್ನ ಎಡ ಮುಂಗೈಯ ಸ್ಪರ್ಶನರವೊಂದನ್ನು ಶಸ್ತ್ರವೈದ್ಯನಿಂದ ಕತ್ತರಿಸಿ ರೇಷ್ಮೆಯ ದಾರದಿಂದ ಕೂಡಿಸಿಕೊಂಡು, ವಾರದ ಕೊನೆಗೆ ಕೇಂಬ್ರಿಜ್ಜಿಗೆ ಹೋಗಿ ಗೆಳೆಯ ರಿವರ್ಸನ ಮುಂದೆ ಕಣ್ಣು ಮುಚ್ಚಿ ಕೂಡುತ್ತಿದ್ದ. ರಿವರ್ಸ್ ಹತ್ತಿಯಿಂದ, ಸೂಜಿಯಿಂದ, ಬಿಸಿನೀರಿನಿಂದ ಮುಟ್ಟಿಸಿ ಪರೀಕ್ಷಿಸುತ್ತಿದ್ದ. ಹೀಗೆ ನಾಲ್ಕು ವರ್ಷ! ಮೊದಲು ಮರಳಿದ್ದು ನೋವು, ಅದೂ ಒರಟಾಗಿ, ಇದ್ದುದಕ್ಕಿಂತ ಹೆಚ್ಚಾಗಿ. ಹತ್ತಿಯ ಎಳೆಯಂಥ ನವುರಾದ ಸ್ಪರ್ಶದ ಅರಿವು ಬಹಳ ತಡವಾಗಿ ಬಂದಿತು. ಈ ರಿವರ್ಸನೇ ನೀಲಗಿರಿಯ ತೋಡರ ನಡುವೆ ಇದ್ದು, 1906ರಲ್ಲಿ ಅವರ ಮೇಲೆ ಹೆಸರಾಂತ ಗ್ರಂಥವನ್ನು ಪ್ರಕಟಿಸಿದವನು ಎಂಬುದು ಕನ್ನಡ ನಾಡಿನ ಅಂಚಿನ ಜನಜೀವನದಲ್ಲಿ ಆಸಕ್ತಿಯುಳ್ಳವರಿಗೆ ತಿಳಿದ ಸಂಗತಿಯೇ. ಒಬ್ಬನೇ ಮನುಷ್ಯನ ಕುತೂಹಲ ಎಮ್ಮೆಯ ಹಟ್ಟಿಯಿಂದ ಗೆಳೆಯನ ಮುಂಗೈವರೆಗೆ ಹರಿಯಬಲ್ಲುದಾದ ಕಾಲ ಅದು.

ಆರು ತಿಂಗಳಾದರೆ ಕಾಯಬಹುದು. ಗಾಯ ಮಣಿಕಟ್ಟಿನಲ್ಲಾಗದೆ ತೋಳಿನ ಬುಡದಲ್ಲಾದರೆ? ಮೋಟಾರ್ ಸೈಕಲ್ಲಿನಿಂದ ಬಿದ್ದು ಭುಜ ಜಗ್ಗಿದವರ ಕಷ್ಟ ಇದು. ಅಲ್ಲಿಂದ ಅಂಗೈಯ ಸಣ್ಣ ಸ್ನಾಯುಗಳಿಗೆ ಐವತ್ತು ಅರವತ್ತು ಸೆಂಟಿಮೀಟರು, ಎಂದರೆ ಒಂದೂವರೆ ವರ್ಷಕ್ಕೂ ಮಿಕ್ಕ ದಾರಿ. ಸ್ನಾಯು ಅಷ್ಟು ಕಾಲ ಕಾಯುವುದಿಲ್ಲ. ನರದ ಸಂಪರ್ಕ ತಪ್ಪಿದ ಸ್ನಾಯು 12ರಿಂದ 18 ತಿಂಗಳೊಳಗೆ ಸೊರಗಿ ನಾರಾಗಿಬಿಡುತ್ತದೆ. ದಾರಿಯಲ್ಲಿ ಕೈಮರಗಳಾಗಿ ನಿಂತ ಶ್ವಾನ್ ಕೋಶಗಳೂ ತಿಂಗಳುಗಟ್ಟಲೆ ಕಾದು ಬೇಸತ್ತವರಂತೆ ತಮ್ಮ ಸ್ರವಣವನ್ನು ನಿಲ್ಲಿಸುತ್ತ ಬರುತ್ತವೆ. ಪ್ರಯಾಣಿಕನು ಬಂದು ಬಾಗಿಲು ತಟ್ಟುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಈ ಓಟವನ್ನು ಗೆಲ್ಲಲು ಇರುವುದು ಎರಡೇ ಹಾದಿ: ದೂರವನ್ನು ಕಡಿಮೆ ಮಾಡಬೇಕು, ಇಲ್ಲವೆ ವೇಗವನ್ನು ಹೆಚ್ಚಿಸಬೇಕು. ದೂರವನ್ನು ಕಡಿಮೆ ಮಾಡುವ ಜಾಣ್ಮೆ ಶಸ್ತ್ರವೈದ್ಯರಿಗೆ ಸಿದ್ಧಿಸಿದೆ. 1994ರಲ್ಲಿ ಫ್ರಾನ್ಸಿನ ಓಬರ್ಲಿನ್, ಮೊಣಕೈ ಮಡಿಚಲಾರದ ರೋಗಿಗಳಲ್ಲಿ, ಚೆನ್ನಾಗಿರುವ ಪಕ್ಕದ ನರದ ಒಂದೆರಡು ಎಳೆಗಳನ್ನು ಬಿಡಿಸಿ, ತೋಳಿನ ಸ್ನಾಯುವಿಗೆ ಹೋಗುವ ನರಕ್ಕೆ ಸ್ನಾಯುವಿನ ಬುಡದಲ್ಲೇ ಜೋಡಿಸಿದ ಕ್ರಮ ಇಂದು ಪ್ರಸಿದ್ಧವಾಗಿದೆ. ವೇಗ ಹೆಚ್ಚಿಸುವ ವಿದ್ಯೆ ಅಣುಗಳದು. ಅದರ ಕಥೆ ಒಂದು ಮಲಗುವ ಕೋಣೆಯಲ್ಲಿ ಆರಂಭವಾಗುತ್ತದೆ.

ಇಟಲಿಯ ಟ್ಯೂರಿನ್ ನಗರದ ರೀಟಾ ಲೆವಿ-ಮೊಂತಾಲ್ಚೀನಿ ವೈದ್ಯಪದವಿ ಪಡೆದ ಹೊಸತರಲ್ಲೇ, 1938ರಲ್ಲಿ, ಮುಸ್ಸೊಲೀನಿಯ ಸರಕಾರ ಯಹೂದ್ಯರನ್ನು ವಿಶ್ವವಿದ್ಯಾನಿಲಯಗಳಿಂದ ಹೊರಹಾಕಿತು. ಆಕೆ ಯಹೂದ್ಯ ಮನೆತನದವಳು. ಎದೆಗುಂದದೆ ತನ್ನ ಮಲಗುವ ಕೋಣೆಯಲ್ಲೇ ಒಂದು ಸೂಕ್ಷ್ಮದರ್ಶಕವನ್ನಿಟ್ಟು, ಹೊಲಿಗೆಯ ಸೂಜಿಗಳನ್ನು ಮಸೆದು ಶಸ್ತ್ರಗಳನ್ನಾಗಿ ಮಾಡಿಕೊಂಡು, ಕೋಳಿಮೊಟ್ಟೆಯೊಳಗಿನ ಭ್ರೂಣಗಳ ನರಗಳನ್ನು ಅಭ್ಯಸಿಸಿದಳು. ಬಾಂಬುಗಳು ಬೀಳತೊಡಗಿದಾಗ ಆ ಪ್ರಯೋಗಶಾಲೆ ಹಳ್ಳಿಯ ಮನೆಗೆ ಹೋಯಿತು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅಮೆರಿಕದ ಸೇಂಟ್ ಲೂಯಿಸಿನ ಪ್ರೊಫೆಸರ್ ಹಾಂಬರ್ಗರ್ ಆಕೆಯನ್ನು ಕೆಲವು ತಿಂಗಳುಗಳ ಮಟ್ಟಿಗೆಂದು ಬರಮಾಡಿಕೊಂಡರು. ಆಕೆ ಉಳಿದದ್ದು ದಶಕಗಳ ಕಾಲ. ಅಲ್ಲಿ ಇಲಿಯ ಒಂದು ಬಗೆಯ ಗಡ್ಡೆಯ ಚೂರನ್ನು ಕೋಳಿಯ ಭ್ರೂಣದಲ್ಲಿ ನೆಟ್ಟಾಗ ನರತಂತುಗಳು ಅದರತ್ತ ನೂಕುನುಗ್ಗಲಾಗಿ ಬೆಳೆದುವು. ಗಡ್ಡೆಯನ್ನು ಮುಟ್ಟದ ನರಗಳೂ ಉಬ್ಬಿದ್ದುವು. ಹಾಗಾದರೆ ಗಡ್ಡೆಯಿಂದ ಯಾವುದೋ ದ್ರವ್ಯ ಹರಿದು ಬರುತ್ತಿರಬೇಕು! ಇದನ್ನು ಸ್ಥಿರಪಡಿಸಲು ಆಕೆ 1952ರಲ್ಲಿ ಗಡ್ಡೆಯುಳ್ಳ ಎರಡು ಇಲಿಗಳನ್ನು ತನ್ನೊಡನೆ ವಿಮಾನದಲ್ಲಿ ಒಯ್ದು, ಬ್ರೆಜಿಲಿನ ರಿಯೋ ನಗರದ ಪ್ರಯೋಗಶಾಲೆ ಸೇರಿದಳು. ಗಾಜಿನ ಮೇಲೆ ಇಟ್ಟ ನರಗಂಟಿನ ಸುತ್ತ ಒಂದೇ ದಿನದಲ್ಲಿ ತಂತುಗಳು ಸೂರ್ಯನ ಕಿರಣಗಳಂತೆ ಸುತ್ತಲೂ ಹೊಮ್ಮಿದುವು.

ಆ ದ್ರವ್ಯ ಯಾವುದೆಂದು ಕಂಡುಹಿಡಿಯಲು ರಸಾಯನಜ್ಞ ಸ್ಟ್ಯಾನ್ಲಿ ಕೋಹೆನ್ ಆಕೆಯ ಜತೆಗೂಡಿದರು. ಅದು ನ್ಯೂಕ್ಲಿಯಿಕ್ ಆಮ್ಲವೋ ಪ್ರೋಟೀನೋ ಎಂದು ತಿಳಿಯಲು, ಆ ಆಮ್ಲವನ್ನು ಒಡೆಯುವ ಗುಣವುಳ್ಳ ಹಾವಿನ ವಿಷವನ್ನು ಸ್ವಲ್ಪ ಬೆರೆಸಿದರು. ನರದ ಬೆಳವಣಿಗೆ ನಿಲ್ಲುವ ಬದಲು ಇಮ್ಮಡಿಸಿತು. ವಿಷದಲ್ಲೇ ಆ ದ್ರವ್ಯ ಗಡ್ಡೆಯಲ್ಲಿದ್ದುದಕ್ಕಿಂತ ಹೇರಳವಾಗಿತ್ತು! ಹಾವಿನ ವಿಷದ ಚೀಲವೆಂದರೆ ಮಾರ್ಪಟ್ಟ ಜೊಲ್ಲಿನ ಗ್ರಂಥಿಯಲ್ಲವೆ ಎಂದು ಯೋಚಿಸಿ, ಇಲಿಯ ಜೊಲ್ಲಿನ ಗ್ರಂಥಿಯನ್ನು ಪರೀಕ್ಷಿಸಿದಾಗ ಅಲ್ಲಿಯೂ ಅದು ದೊರೆಯಿತು. ಅದಕ್ಕೆ 'ನರಬೆಳವಣಿಗೆಯ ಅಂಶ' ಎಂಬರ್ಥದ ಹೆಸರಾಯಿತು. 1986ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂದಿತು. ಆಕೆ 103 ವರ್ಷ ಬಾಳಿ 2012ರಲ್ಲಿ ತೀರಿಕೊಂಡಳು.

ಇಷ್ಟಾದ ಮೇಲೆ ಈ ದ್ರವ್ಯವನ್ನು ಚುಚ್ಚಿ ಕಡಿದ ನರಗಳನ್ನೆಲ್ಲ ಬೆಳೆಸಬಹುದೆಂದು ಜನ ಆಶಿಸಿದ್ದು ಸಹಜ. ಪ್ರಕೃತಿ ಅಷ್ಟು ಸುಲಭವಾಗಿ ಒಲಿಯಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ನರ ಕೆಟ್ಟವರಿಗೆ ಇದನ್ನು ಕೊಟ್ಟು ನೋಡಿದ 1990ರ ದಶಕದ ದೊಡ್ಡ ಪ್ರಯೋಗ ಫಲಿಸಲಿಲ್ಲ. ಚುಚ್ಚಿದಲ್ಲಿ ನೋವು ಮಾತ್ರ ಹೆಚ್ಚಿತು, ಏಕೆಂದರೆ ಈ ದ್ರವ್ಯ ನೋವಿನ ತಂತುಗಳನ್ನೇ ಮೊದಲು ಕೆರಳಿಸುತ್ತದೆ. ಕಣ್ಣಿನ ಪಾರದರ್ಶಕ ಪಟಲದ ನರಗಳು ಸತ್ತು ಹುಣ್ಣಾಗುವ ಒಂದು ಅಪರೂಪದ ರೋಗಕ್ಕೆ ಇದರ ಹನಿಔಷಧಕ್ಕೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ದೊರೆತ ಫಲ ಬಹುಮಟ್ಟಿಗೆ ಅಷ್ಟೇ. ಹೀಗಿರುವಾಗ 'ನರಗಳಿಗೆ ಬಲ' ಎಂಬ ಚೀಟಿ ಅಂಟಿಸಿಕೊಂಡ ಟಾನಿಕ್ಕಿನ ಸೀಸೆಗಳ ವಿಷಯ ಹೇಳಬೇಕಾದುದೇ ಇಲ್ಲ. ದೇಹದಲ್ಲಿ ಬಿ-12 ಜೀವಸತ್ವದ ಕೊರತೆಯಿದ್ದವರಿಗೆ ಆ ಜೀವಸತ್ವದಿಂದ ಉಪಕಾರವುಂಟು. ಕುಡುಗೋಲು ಕಡಿದ ನರವನ್ನು ಯಾವ ಸೀಸೆಯೂ ಕೂಡಿಸದು.

ಮಿದುಳು ಮತ್ತು ಬೆನ್ನುಹುರಿಗಳ ತಂತುಗಳದು ಬೇರೆಯೇ ಹಣೆಬರಹ. ಕೈಕಾಲಿನ ನರ ಚಿಗುರುತ್ತದೆ, ಬೆನ್ನುಹುರಿ ಚಿಗುರುವುದಿಲ್ಲ. ತಂತುವಿಗೆ ಶಕ್ತಿಯಿಲ್ಲವೆಂದಲ್ಲ; 1981ರಲ್ಲಿ ಕೆನಡಾದಲ್ಲಿ ಡೇವಿಡ್ ಮತ್ತು ಅಗ್ವಾಯೋ ಎಂಬವರು ಇಲಿಯ ಕಾಲಿನ ನರದ ತುಂಡನ್ನು ಸೇತುವೆಯಾಗಿ ಇಟ್ಟಾಗ ಬೆನ್ನುಹುರಿಯ ತಂತುಗಳು ಅದರೊಳಗೆ ಹಲವು ಸೆಂಟಿಮೀಟರು ಬೆಳೆದುವು. ನೆಲವೇ ಸರಿಯಿಲ್ಲ, ಅಲ್ಲಿಯ ಹೊದಿಕೆಯಲ್ಲಿ 'ಬೆಳೆಯಬೇಡ' ಎನ್ನುವ ಅಣುಗಳಿವೆ. ಅವುಗಳಲ್ಲಿ 'ನೋಗೋ' ಎಂಬುದನ್ನು ತಡೆಯುವ ಪ್ರತಿವಿಷವನ್ನು ಯೂರೋಪಿನ ಗಾಯಾಳುಗಳಿಗೆ ಕೊಟ್ಟು ನೋಡಿದ ಪ್ರಯೋಗದ ವರದಿ 2024ರ ಕೊನೆಗೆ ಪ್ರಕಟವಾಯಿತು. ಮುಖ್ಯ ಗುರಿ ಈಡೇರಲಿಲ್ಲ. ಬೆನ್ನುಹುರಿ ಪೂರ್ತಿ ಕಡಿಯದ ಕೆಲವರಲ್ಲಿ ಮಾತ್ರ ಲಾಭದ ಸುಳಿವು ಕಂಡಿತು.

ವೇಗ ಹೆಚ್ಚಿಸುವ ಕೆಲಸದಲ್ಲಿ ಭಾರತೀಯರ ಪಾಲೂ ಉಂಟು. ಮಣ್ಣಿನಲ್ಲಿ ಬಾಳುವ, ಒಂದು ಮಿಲಿಮೀಟರು ಉದ್ದದ, ಗಾಜಿನಂತೆ ಪಾರದರ್ಶಕವಾದ ಒಂದು ದುಂಡುಹುಳುವಿಗೆ ಇರುವುದು 302 ನರಕೋಶಗಳು ಮಾತ್ರ. 2004ರಿಂದ ಅದರ ಒಂದೇ ಒಂದು ತಂತುವನ್ನು ಲೇಸರ್ ಕಿರಣದಿಂದ ಕತ್ತರಿಸಿ ಮತ್ತೆ ಬೆಳೆಯುವುದನ್ನು ನೋಡುವುದು ಸಾಧ್ಯವಾಗಿದೆ. ಅನಿಂದ್ಯ ಘೋಷ್-ರಾಯ್ ಅವರು ಅಮೆರಿಕದಲ್ಲಿದ್ದಾಗ ಸಂಗಡಿಗರೊಡನೆ 2010ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಗಾಯದ ಕ್ಯಾಲ್ಸಿಯಂ ಅಲೆ ಹೆಚ್ಚಿದಷ್ಟೂ ತಂತು ಚೆನ್ನಾಗಿ ಬೆಳೆಯುವುದೆಂದೂ, ಆ ಸುದ್ದಿ 'ಡಿ. ಎಲ್. ಕೆ.-1' ಎಂಬ ಕಿಣ್ವದ ಮೂಲಕವೇ ಸಾಗಬೇಕೆಂದೂ ತಿಳಿದುಬಂದಿತು. ಆಮೇಲೆ ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರದಲ್ಲಿ ಅವರ ತಂಡ ಮಾಡಿದ ಒಂದು ಕೆಲಸ ವಿನೋದವೆನಿಸುವಂಥದು: ತಂತು ಕತ್ತರಿಸಿದ ಹುಳುಗಳನ್ನು ನೀರಿನಲ್ಲಿ ಬಿಟ್ಟು ಈಜಿಸಿದರು. ಈಜಿದ ಹುಳುಗಳ ತಂತುಗಳು ಈಜದವುಗಳಿಗಿಂತ ಚೆನ್ನಾಗಿ ಬೆಳೆದು, ಕಳೆದುಹೋದ ಸ್ಪರ್ಶವನ್ನು ಮರಳಿ ಕೊಟ್ಟವು. ದೇಹದ ಶಕ್ತಿಯ ಜಮಾಖರ್ಚು ನೋಡುವ ಒಂದು ಕಿಣ್ವ ಇದಕ್ಕೆ ಕಾರಣವೆಂದು 2021ರ ವರದಿ ತೋರಿಸಿತು. ಕೆನಡಾದ ಟೆಸ್ಸಾ ಗಾರ್ಡನ್ ಮತ್ತವರ ಸಂಗಡಿಗರು ಮನುಷ್ಯರಲ್ಲೂ ಒಂದು ಹೆಜ್ಜೆ ಮುಂದಿಟ್ಟಿದ್ದಾರೆ. ನರದ ಶಸ್ತ್ರಚಿಕಿತ್ಸೆಯಾದೊಡನೆ ಒಂದೇ ಒಂದು ಗಂಟೆ, ಕ್ಷಣಕ್ಕೆ ಇಪ್ಪತ್ತು ಬಾರಿಯಂತೆ ಮೆಲ್ಲನೆಯ ವಿದ್ಯುತ್ ಮಿಡಿತವನ್ನು ಕೊಟ್ಟರೆ, ಚಿಗುರುಗಳು ಗಾಯದ ಗೆರೆಯನ್ನು ಬೇಗ ದಾಟುತ್ತವೆ.

ಆದರೆ ಔಷಧ ಬರುವುದಕ್ಕೆ ಮುಂಚಿನ ಔಷಧವೆಂದರೆ ಸಮಯವೇ. ಕಲಬುರಗಿಯಲ್ಲಿ 1963ರಿಂದ ವೈದ್ಯಕೀಯ ಕಾಲೇಜುಂಟು. ಆಳಂದದಿಂದಲೂ ಜೇವರ್ಗಿಯಿಂದಲೂ ಅಲ್ಲಿಗೆ ನಲವತ್ತು ಕಿಲೋಮೀಟರಿನ ಆಸುಪಾಸು, ಅಫಜಲಪುರದಿಂದ ಇನ್ನಷ್ಟು ದೂರ. ಮಣಿಕಟ್ಟಿನ ಗಾಯದ ದಿನವೇ ಬೆರಳ ತುದಿಗಳನ್ನು ಮುಟ್ಟಿ ನೋಡಿ ಜೋಮು ಕಂಡರೆ, ಹೊರಗಿನ ಹೊಲಿಗೆಗೆ ತೃಪ್ತಿಪಡದೆ ಕೆಲವೇ ದಿನಗಳೊಳಗೆ ನರ ಹೊಲಿಯಬಲ್ಲ ಶಸ್ತ್ರವೈದ್ಯನನ್ನು ಕಾಣಬೇಕು. ತಿಂಗಳುಗಳು ಕಳೆದರೆ ತುದಿಗಳು ಹಿಂದೆ ಸರಿದಿರುತ್ತವೆ. ನಡುವೆ ತುಂಬಲು ಮೀನಖಂಡದ ಮೇಲಿನಿಂದ ಸಾಲ ತರುವ ನರದ ಬೆಲೆ ಪಾದದ ಹೊರಮಗ್ಗುಲಿನ ಸ್ಪರ್ಶ.

ಯಾವ ಕುಡುಗೋಲೂ ಸೋಕದೆ ನರ ಕೆಡುವ ರೋಗವೊಂದು ಈ ಸೀಮೆಗೆ ಹೊಸತಲ್ಲ. ಕಲಬುರಗಿ ಜಿಲ್ಲೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದ ಕಾಲಕ್ಕೆ, ಅದೇ ಸಂಸ್ಥಾನದ ನಿಜಾಮಾಬಾದಿನ ಬಳಿಯ ಡಿಚ್‌ಪಲ್ಲಿಯಲ್ಲಿ ಮಿಷನರಿ ವೈದ್ಯೆ ಇಸಾಬೆಲ್ ಕೆರ್ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ಕಟ್ಟಿಸಿದಳು. ಈ ರೋಗದ ಕ್ರಿಮಿಯನ್ನು ನಾರ್ವೆಯ ಹಾನ್ಸೆನ್ 1873ರಲ್ಲೇ ಕಂಡಿದ್ದರೂ, ಅದು ಮಾಡುವ ಮೋಸ ಬಯಲಾದುದು ಇತ್ತೀಚೆಗೆ. ಕ್ರಿಮಿಗೆ ಪ್ರಿಯವಾದ ಮನೆ ಮೇಲೆ ಹೇಳಿದ ಶ್ವಾನ್ ಕೋಶವೇ. ಅನುರ ರಾಂಬುಕ್ಕನ ಎಂಬ ವಿಜ್ಞಾನಿ ಮತ್ತವರ ಸಂಗಡಿಗರು 2006ರಲ್ಲಿ ತೋರಿಸಿದಂತೆ, ಬೆಳವಣಿಗೆಯ ಸಂದೇಶವನ್ನು ಬರಮಾಡಿಕೊಳ್ಳಲು ಶ್ವಾನ್ ಕೋಶದ ಬಾಗಿಲಲ್ಲಿರುವ 'ಎರ್ಬ್-ಬಿ-2' ಎಂಬ ಅಣುವನ್ನೇ ಕ್ರಿಮಿ ನೇರವಾಗಿ ಒತ್ತಿ, ನರದ ಹೊದಿಕೆಯನ್ನು ಕಳಚಿಸುತ್ತದೆ. 2013ರಲ್ಲಿ ಅವರು ಇಲಿಯ ಕೋಶಗಳಲ್ಲಿ ಇನ್ನೂ ವಿಚಿತ್ರವಾದುದನ್ನು ಕಂಡರು: ಕ್ರಿಮಿ ಹೊಕ್ಕ ಶ್ವಾನ್ ಕೋಶ ತನ್ನ ಹಳೆಯ ಗುರುತನ್ನೇ ಮರೆತು ಮೂಲಕೋಶದಂತಾಗಿ ಅಲೆಯುತ್ತದೆ. ನರವನ್ನು ಚಿಗುರಿಸುವುದಕ್ಕೆಂದು ದೇಹ ಇಟ್ಟುಕೊಂಡ ವೇಷಾಂತರದ ವಿದ್ಯೆ ಕಳ್ಳನ ಕೈಗೆ ಸಿಕ್ಕ ಬೀಗದ ಕೈಯಂತಾಗುತ್ತದೆ. ಸ್ಪರ್ಶ ಹೋಗುತ್ತದೆ, ಸ್ಪರ್ಶವಿಲ್ಲದ ಕೈ ಬಿಸಿ ಹಂಚನ್ನು ಅರಿಯದು. ವೆಲ್ಲೂರಿನಲ್ಲಿ ದುಡಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ರೋಗಿಗಳ ಬೆರಳುಗಳು ಮೊಂಡಾಗುವುದು ರೋಗದಿಂದ ಉದುರಿ ಅಲ್ಲ, ನೋವು ತಿಳಿಯದೆ ಮತ್ತೆ ಮತ್ತೆ ಗಾಯಗೊಂಡು ಎಂಬುದನ್ನು ಮನಗಂಡು, 1948ರಿಂದ ಕಂಡರಗಳನ್ನು ಬದಲಿಸಿ ಜೋಡಿಸಿ ಮುದುರಿದ ಕೈಗಳನ್ನು ಬಿಡಿಸಿದರು.

ಭಾರತ ಸರಕಾರ 2005ರ ಕೊನೆಗೆ, ಈ ರೋಗ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಗೆ ಇಳಿಯಿತೆಂದು ಸಾರಿತು. ಇಳಿಯಿತು, ಅಳಿಯಲಿಲ್ಲ. ಗಂಡ ಹೆಂಡಿರಲ್ಲಿ ಒಬ್ಬರಿಗೆ ಕುಷ್ಠವೆಂಬ ಕಾರಣಕ್ಕೆ ವಿವಾಹ ವಿಚ್ಛೇದನ ಕೊಡಬಹುದೆಂಬ ಕಾನೂನು 2019ರ ತಿದ್ದುಪಡಿಯಿಂದಷ್ಟೇ ತೊಲಗಿತು. ಇಂದಿಗೂ ಮೈಮೇಲೆ ಒಂದು ಮಸುಕಾದ ಮಚ್ಚೆ, ಅದರಲ್ಲಿ ಸ್ಪರ್ಶವಿಲ್ಲ ಎಂದು ಕಂಡಾಗ ಅದನ್ನು ಸೆರಗಿನ ಅಡಿಯಲ್ಲೋ ತೋಳಿನ ಅಂಗಿಯೊಳಗೋ ಬಚ್ಚಿಡುವ ಮನೆಗಳುಂಟು, ಓದುಬರಹ ಬಲ್ಲವರ ಮನೆಗಳೂ ಅದಕ್ಕೆ ಹೊರತಲ್ಲ. ನೆರೆಮನೆಯವರು ಏನೆಂದಾರು, ಮಗಳ ಮದುವೆ ಹೇಗಾದೀತು ಎಂಬ ಅಂಜಿಕೆಯಲ್ಲಿ ಕಳೆಯುವ ಒಂದೊಂದು ತಿಂಗಳೂ ನರದ ಲೆಕ್ಕಕ್ಕೆ ಬರುತ್ತದೆ. ಹತ್ತಿಯ ಎಳೆಯನ್ನು ಮಚ್ಚೆಗೆ ಸೋಕಿಸಿ, ಕಣ್ಣು ಮುಚ್ಚಿದವರಿಗೆ ಅದು ತಿಳಿಯುವುದೋ ಇಲ್ಲವೋ ಎಂದು ಕೇಳುವುದಷ್ಟೇ ಪರೀಕ್ಷೆ. ಹೆನ್ರಿ ಹೆಡ್ಡನ ಮುಂಗೈಗೆ ರಿವರ್ಸ್ ಮಾಡಿದ್ದೂ ಇದನ್ನೇ. ಸರಕಾರಿ ಆಸ್ಪತ್ರೆಗಳಲ್ಲಿ ಮಾತ್ರೆಗಳು ಉಚಿತ. ರೋಗದ ಹರಹಿಗೆ ತಕ್ಕಂತೆ ಆರು ಅಥವಾ ಹನ್ನೆರಡು ತಿಂಗಳ ಕ್ರಮ. ಮಾತ್ರೆ ಆರಂಭಿಸಿದ ಕೆಲವೇ ದಿನಗಳಲ್ಲಿ ರೋಗ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ನರ ಬಾತುಕೊಂಡು ಕೈಕಾಲು ಬಲಹೀನವಾಗತೊಡಗಿದರೆ ಬಾವನ್ನು ಇಳಿಸುವ ಔಷಧ ಬೇರೆಯುಂಟು. ಬಲಹೀನತೆ ಕಂಡ ಆರು ತಿಂಗಳೊಳಗೆ ಅದನ್ನು ಆರಂಭಿಸಿದರೆ, ಹೊದಿಕೆ ಕಳೆದುಕೊಂಡ ತಂತುಗಳು ಹಲವರಲ್ಲಿ ಮತ್ತೆ ಹೊದಿಕೆ ಹೊದ್ದುಕೊಳ್ಳುತ್ತವೆ.